ಮುಂಗಡ ಕೃತಜ್ಞತೆ

ನನ್ನ ನೌಕರಿಗೆ ನನ್ನ ಅರ್ಹತೆ, ಗಂಡ ಸತ್ತದ್ದು. ಕೊಹೀರ್ ಹತ್ತಿರ ಹೈವೇದಲ್ಲಿ ಸಂಕೇತನ ಬೈಕು ಲಾರಿಗೆ ಸಿಕ್ಕ ಮೇಲೆ, ಅವನು ದುಡಿಯುತ್ತಿದ್ದ ಬೀಜದ ಕಂಪನಿ ದೊಡ್ಡ ಮನಸ್ಸು ಮಾಡಿ ಜಹೀರಾಬಾದ್ ಕಚೇರಿಯಲ್ಲಿ ಅವನ ಕುರ್ಚಿಯನ್ನು ನನಗೆ ಕೊಟ್ಟಿತು. ಗುಲ್ಬರ್ಗಾದಲ್ಲಿ ನಾನು ಎಂ.ಕಾಂ. ಮಾಡಿದ್ದನ್ನು ಯಾರೂ ಕೇಳಲಿಲ್ಲ. ಎರಡು ವರ್ಷವಾದರೂ ಅದು ಸಂಕೇತನ ಕುರ್ಚಿಯೇ. ಅದರ ಮೇಲೆ ಯಾರೋ ಕೂತಿದ್ದಾರೆ ಎಂಬುದು ಸಂಬಳದ ದಿನ ಮಾತ್ರ ಗೊತ್ತಾಗುತ್ತಿತ್ತು.

ತಾಂಡೂರ್ ಗೋದಾಮಿನ ಇನ್‌ಚಾರ್ಜ್ ಹುದ್ದೆಗೆ, ಕಂಪನಿಯ ಒಳಗಿನವರಿಗಷ್ಟೇ ಇಂಟರ್‌ವ್ಯೂ ಎಂದು ನೋಟಿಸ್ ಬಂತು. ಅರ್ಜಿ ಹಾಕಿದೆ. ಯಾರೂ ಸಾಯದೆ ಸಿಕ್ಕ ಒಂದು ಕೆಲಸ ನನಗೆ ಬೇಕಿತ್ತು.

ಇಂಟರ್‌ವ್ಯೂ ಮಾಡಿದವರು ಮೂವರು: ನಮ್ಮ ಮ್ಯಾನೇಜರ್ ಬಸವರಾಜ, ನಾರಾಯಣಖೇಡದ ಅಧಿಕಾರಿ, ಹೈದರಾಬಾದಿನ ಸಾಹೇಬರು. ಗೋದಾಮಿನಲ್ಲಿ ತೊಗರಿ ಬೀಜಕ್ಕೆ ತೇವ ಹಿಡಿದರೆ ಏನು ಮಾಡುತ್ತೀ ಎಂದು ಸಾಹೇಬರು ಕೇಳಿದರು. ವಿವರವಾಗಿ ಹೇಳಿದೆ. ಅತ್ತೆ ತಾಂಡೂರಿಗೆ ಕಳಿಸುತ್ತಾರೇನು ಎಂದು ಬಸವರಾಜ ಕೇಳಿದರು. ಅದು ಬಹುಶಃ ಹೆಚ್ಚು ಅಂಕದ ಪ್ರಶ್ನೆ.

ಮೂವರೂ ಮರುವಾರ ಕೂಡಿ ಅಂಕ ಹಾಕುವುದೆಂದಿತ್ತು. ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಶುರುವಾಗಿ ಬಸ್ಸುಗಳು ನಿಂತವು. ಮೂವರೂ ತಂತಮ್ಮ ಊರಲ್ಲಿ ಉಳಿದರು.

ಇಂಟರ್‌ವ್ಯೂ ಕೊಟ್ಟವರು ತಡಮಾಡದೆ ಧನ್ಯವಾದದ ಪತ್ರ ಬರೆಯಬೇಕೆಂದು ಯೂನಿವರ್ಸಿಟಿಯ ವ್ಯಕ್ತಿತ್ವ ವಿಕಸನದ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲೆಂದು ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ನನ್ನ ಮಾತು ಕೇಳಿದ್ದಕ್ಕೆ ಧನ್ಯವಾದ, ತಾಂಡೂರಿನ ಕೆಲಸದ ಬಗ್ಗೆ ನನ್ನ ಉತ್ಸಾಹ ಹೆಚ್ಚಿದೆ, ಇತ್ಯಾದಿ. ‘ಉತ್ಸಾಹ’ ಎಂದು ಬರೆಯುವಾಗ ಕೈ ತಡವರಿಸಲಿಲ್ಲ. ಕ್ಲಾಸು ಚೆನ್ನಾಗಿತ್ತು.

ಎರಡು ಪತ್ರ ಬೀಜ ಸಾಗಿಸುವ ಕಂಪನಿಯ ಜೀಪಿನಲ್ಲಿ ಹೋದವು. ಮೂರನೆಯದನ್ನು ಜವಾನ ಖಂಡೆಪ್ಪ ಬಸವರಾಜರ ಮೇಜಿಗೆ ಒಯ್ದ. ಅವನಿಗೆ ಇಂಗ್ಲಿಷ್ ಬಾರದು, ಆದರೆ ‘ಥ್ಯಾಂಕ್ಯೂ’ ಓದಲು ಬರುತ್ತಿತ್ತು.

"ಸಂಪದಾಬಾಯಿ, ಪೇಢೆ ಎಲ್ಲಿ?" ಎಂದ ಹೊರಬಂದು. "ಆರ್ಡರ್ ಆತು, ನಮಗ ಹೇಳೇ ಇಲ್ಲ!"

"ಇನ್ನೂ ಏನೂ ಆಗಿಲ್ಲೋ."

"ಆಗಲ್ದೇ ಥ್ಯಾಂಕ್ಯೂ ಯಾರ್ ಕೊಡ್ತಾರ್ರಿ? ನಾ ಏನ್ ಹುಚ್ಚನೇನು?"

ಅವನ ತಪ್ಪಿಲ್ಲ. ನಮ್ಮಲ್ಲಿ ಧನ್ಯವಾದ ಹೇಳುವುದು ಕೆಲಸ ಆದ ಮೇಲೆ, ಅದೂ ಪೇಢೆಯ ಡಬ್ಬಿಯೊಂದಿಗೆ. ಆಗದ ಕೆಲಸಕ್ಕೆ ಕೃತಜ್ಞತೆ ಹಾಳು ಮಾಡಿದವರು ಈ ಕಚೇರಿಯಲ್ಲಿ ಹಿಂದೆ ಯಾರೂ ಇರಲಿಲ್ಲ.

ಬಸವರಾಜ ಒಳಗೆ ಕರೆದರು. "ಕೂಡ್ರಿ" ಎಂದು ಕುರ್ಚಿ ತೋರಿಸಿದರು. ಎರಡು ವರ್ಷದಲ್ಲಿ ಮೊದಲ ಸಲ.

"ಸಂಪದಾಬಾಯಿ, ಪೈಲೇ ಹೇಳಿದ್ರ ಛಲೋ ಇತ್ತು. ಹೈದರಾಬಾದ್‌ನಾಗ ಯಾರ್ ಅದಾರ್ರಿ ನಿಮ್ಮೋರು?"

"ಯಾರೂ ಇಲ್ರಿ ಸರ್."

"ಚಳವಳಿ ಸಮಿತ್ಯಾಗೇನರ?"

"ಇಲ್ರಿ."

"ಹಾಂ, ಹಾಂ. ಹಂಗೇ ಹೇಳಬೇಕು." ತಲೆಯಾಡಿಸಿ, ಆಯ್ಕೆಯ ಕಾಗದಕ್ಕೆ ನನ್ನೆದುರೇ ಸಹಿ ಹಾಕಿದರು.

ಉಳಿದ ಇಬ್ಬರೂ ಇದೇ ಲೆಕ್ಕ ಹಾಕಿದ್ದರು. ತನ್ನನ್ನು ಬಿಟ್ಟು ಮಿಕ್ಕಿಬ್ಬರು ಮುಗಿಸಿಬಿಟ್ಟಿದ್ದಾರೆ, ಈ ಹೆಣ್ಣುಮಗಳ ಹಿಂದೆ ದೊಡ್ಡವರು ಯಾರೋ ಇದ್ದಾರೆ ಎಂದು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಫೋನ್ ಮಾಡಿದರೆ ತನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಅಧಿಕಾರಿಗಳು ಹಾಗೆಲ್ಲ ಒಪ್ಪುವುದಿಲ್ಲ. ಇಬ್ಬರ ಒಪ್ಪಿಗೆಯೂ ಅದೇ ಜೀಪಿನಲ್ಲಿ ಬಂತು. ಇಡೀ ತೆಲಂಗಾಣ ನಿಂತಿದ್ದಾಗ ನನ್ನ ಆರ್ಡರ್ ಒಂದೇ ಓಡಾಡಿತು.

ಆರ್ಡರ್ ಕೈಗೆ ಬಂದ ದಿನ ಕೇಳಿದೆ. "ಸರ್, ಇಂಟರ್‌ವ್ಯೂದಾಗ ನನಗ ಎಷ್ಟ್ ಅಂಕ ಬಂದಾವ್ರಿ?"

"ಅಂಕ ಯಾಕ್ರಿ? ಆರ್ಡರೇ ಬಂದದಲ್ಲ."

"ಹಾಕೀರೇನ್ರಿ?"

"ಈಗ ಹಾಕ್ತೀನಿ ತಗೋರಿ." ಪೆನ್ನು ತೆಗೆದರು. "ಎಷ್ಟ್ ಹಾಕ್ಲಿ, ಹೇಳ್ರಿ."

"ನಾ ಹೇಳಿದ ಉತ್ತರ ಸರಿ ಇತ್ತೋ ಇಲ್ಲೋ, ಅಷ್ಟು ಹೇಳಿದ್ರ ಸಾಕ್ರಿ."

ಬಸವರಾಜರ ಮುಖ ಸಣ್ಣದಾಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬಾಯಿ, ನನ್ನ ಪರೀಕ್ಷಾ ಮಾಡಾಕ ನಿಮ್ಮ ದೊಡ್ಡೋರು ಕಳಿಸ್ಯಾರೇನ್ರಿ? ನನ್ನ ಕಡಿಂದ ಏನೂ ತಪ್ಪಾಗಿಲ್ಲಂತ ಅವರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಪಾಪ, ಮಧುಮೇಹದ ಮನುಷ್ಯ.

ಮನೆಯಲ್ಲಿ ಅತ್ತೆ ವಿಮಲಾಬಾಯಿ ಆರ್ಡರನ್ನು ಎರಡೂ ಕೈಯಲ್ಲಿ ಹಿಡಿದು ಮಗನ ಫೋಟೋದ ಮುಂದೆ ಇಟ್ಟರು, ಕುಂಕುಮ ಹಚ್ಚಿದರು.

"ನೋಡ್ವಾ, ನನ್ನ ಮಗ ಮ್ಯಾಲ ಹೋದ್ರೂ ನಿನ್ನ ಮರ್ತಿಲ್ಲ. ಅಲ್ಲಿಂದೇ ಹೇಳಿ ಕೊಡಿಸ್ಯಾನ."

ನಾನು ಆರ್ಡರನ್ನು ಅಲ್ಲಿಂದ ತೆಗೆದೆ. ಕುಂಕುಮ ನನ್ನ ಹೆಸರಿನ ಮೇಲೇ ಬಿದ್ದಿತ್ತು, ಸೆರಗಿನಿಂದ ಒರೆಸಿದೆ.

"ಅತ್ತಿ, ಇದರಾಗ ಅವರದೇನೂ ಇಲ್ರಿ."

"ಮತ್ತ ಯಾರ್ ಹೇಳ್ಯಾರ?"

"ಯಾರೂ ಹೇಳಿಲ್ರಿ. ನಾನೇ ಹೋಗಿ ಕೂತು ಉತ್ತರ ಕೊಟ್ಟು ಬಂದೀನಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಸವರಾಜರಂತೆಯೇ, ಎಲ್ಲ ತಿಳಿದವರ ಹಾಗೆ ಸಣ್ಣಗೆ ತಲೆಯಾಡಿಸಿದರು.

ನಾನು ತಾಂಡೂರಿಗೆ ಒಯ್ಯುವ ಬಟ್ಟೆ ಮಡಚತೊಡಗಿದೆ.