ಬಳೆಯಳತೆಯ ಅಕ್ಷರ

ಇಸ್ಮಾಯಿಲ್‌ಸಾಬ್ ತನ್ನಂತೆಯೇ ಬೋರ್ಡು ಬರೆಯುತ್ತಿದ್ದ ಗೆಳೆಯನ ಸಮಾಧಿಗೆ ನೆಡುವ ಹಲಗೆಯ ಮೇಲೆ ಕೊನೆಯ ಅಕ್ಷರ ಬರೆದು ಕುಂಚ ಕೆಳಗಿಟ್ಟ. ಅಂಗಳದಲ್ಲಿ ವಿಭೂತಿ ಬಳಿದು ಕೂರಿಸಿದ್ದ ಕರಿಬಸಯ್ಯನ ಶವದ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ನಿನ್ನೆ ಇಬ್ಬರೂ ಕೂಡಿ ಚಹಾ ಕುಡಿದಿದ್ದರು. ಆಮೇಲೆ ಟಾಕೀಸಿನ ಬೋರ್ಡು ಬರೆಯಲು ಹತ್ತಿದವನ ಕಾಲಡಿ ಏಣಿಯ ಮೆಟ್ಟಿಲು ಮುರಿದಿತ್ತು. ನಲವತ್ತು ತುಂಬದ ಗಂಡಾಳು. ಸಿಂಧನೂರಿಗೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ.

"ನೋಡವ್ವಾ, ಸರಿ ಐತೇನು?" ಎಂದು ಹಲಗೆಯನ್ನು ಕರಿಬಸಯ್ಯನ ಹೆಂಡತಿ ಜಂಬಮ್ಮನ ಕಡೆ ತಿರುಗಿಸಿದ. ಬಜಾರಿನಲ್ಲಿ ಗಂಡ ಬರೆದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯುವ ಹೆಂಗಸು ಅವಳು.

"ಏನು ಬರದೀರಿ ಅಣ್ಣಾ?"

"ಅವನ ಹೆಸರವ್ವಾ."

"ನನಗ ಓದಾಕ ಬರವಲ್ದು. ನನಗ ಅವರ ಅಕ್ಷರ ಅಷ್ಟ ಬರ್ತಾವ."

ಅಕ್ಕಿ ಗಿರಣಿಯ ದೊಡ್ಡಬಸಪ್ಪ ದಂಗಾಗಿ ನಿಂತ. "ಸಾಲಿ ಕಲ್ತಾಳ ಅಂದ್ಕೊಂಡಿದ್ನೆಪಾ," ಎಂದ.

*

ನಿಜಾಮನ ಆಳ್ವಿಕೆ ಮುಗಿದು, ಉರ್ದು ಬೋರ್ಡುಗಳ ಜಾಗಕ್ಕೆ ಕನ್ನಡದವು ಏರುತ್ತಿದ್ದ ಕಾಲ. ಹಟ್ಟಿಯ ಚಿನ್ನದ ಗಣಿಯಲ್ಲಿ ತಿರುಗುವ ಗಾಲಿಗಳನ್ನು ನೋಡಿ ಬಂದ ಕರಿಬಸಯ್ಯ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯತೊಡಗಿದ. ಬಳುಕಿಲ್ಲ, ಬಾಲವಿಲ್ಲ. ಬರೀ ನೆಟ್ಟನೆಯ ಗೆರೆ, ದುಂಡನೆಯ ಸುತ್ತು.

"ಇದು ಮುಂದ ಬರೋ ಕಾಲದ ಅಕ್ಷರ. ಇನ್ನ ಎಲ್ಲಾ ಗಾಲಿ ಮ್ಯಾಲೆ ನಡೀತೈತಿ, ನೋಡ್ತಿರು."

"ನಿಮ್ಮ ಗಾಲಿ ಡೊಂಕಾಗ್ಯಾವಲ್ರೀ," ಅಂದಳು ಜಂಬಮ್ಮ.

ಅವನು ನಕ್ಕು, ಅವಳ ಕೈಯ ಹಸಿರು ಬಳೆಯೊಂದನ್ನು ಕಳಚಿ ಗೋಡೆಗಿಟ್ಟು ಸುತ್ತಲೂ ಇದ್ದಿಲು ಎಳೆದ. ಅವತ್ತಿನಿಂದ ಅದೇ ಅಳತೆ. ಅವನು ಅಕ್ಷರ ಕಟ್ಟುತ್ತ ಹೋದ ಹಾಗೆ ಅವಳು ಕಲಿಯುತ್ತ ಹೋದಳು. ಊರಿನವರು "ಅಕ್ಷರನೋ ಕೋಡಬಳಿನೋ" ಎಂದು ಆಡಿಕೊಂಡರು. ಕಾಲುವೆ ನೀರು ಬಂದು ಗಿರಣಿ ಎದ್ದಾಗ ದೊಡ್ಡಬಸಪ್ಪನೇ ಕರೆದು ಬರೆಸಿದ. ಹಿಂದೆಯೇ ಸೋಡಾ ಅಂಗಡಿ, ಮಸ್ಕಿಗೆ ಹೋಗುವ ಬಸ್ಸು, ಟಾಕೀಸು.

*

"ಅವನಂಗ ಬರಿಯಾಕ ನನಗ ಬರಂಗಿಲ್ಲವ್ವಾ," ಎಂದ ಇಸ್ಮಾಯಿಲ್‌ಸಾಬ್. "ಅಳತಿ ಏನಂತ ಒಮ್ಮೆನೂ ಹೇಳಲಿಲ್ಲ, ಹುಚ್ಚಪ್ಪ."

ಅಷ್ಟರಲ್ಲಿ ಕರಿಬಸಯ್ಯನ ಅಕ್ಕ ವೀರಭದ್ರಮ್ಮ ಕಲ್ಲು ಹಿಡಿದು ಬಂದಳು. ಶವ ಎತ್ತುವ ಮೊದಲು ಹೆಂಡತಿಯ ಬಳೆ ಒಡೆಯಬೇಕು. ಜಂಬಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ತಡೀರಿ ಅಕ್ಕಾರ. ಹೆಸರು ಬರಿಯೋತನಕ ತಡೀರಿ."

ಹಸಿರು ಬಳೆ ಕಳಚಿ ಹಲಗೆಯ ಮೇಲಿಟ್ಟಳು. "ಇದ ಅಳತಿ ಅಣ್ಣಾ. ಹೆಂಗಂತ ನಾ ಹೇಳ್ತೀನಿ."

ಇಸ್ಮಾಯಿಲ್‌ಸಾಬ್ ಹಳೆಯದನ್ನು ಒರೆಸಿದ. ಅವಳು ಬೆರಳಿಟ್ಟಲ್ಲಿ ಬಳೆ ಇಟ್ಟು ಕೆಂಪು ಬಣ್ಣ ಎಳೆದ. ಕೊನೆಯ ಸುತ್ತು ಮುಗಿಯಿತು.

"ಕರಿಬಸಯ್ಯ," ಎಂದು ಜಂಬಮ್ಮ ಗಟ್ಟಿಯಾಗಿ ಓದಿದಳು.

ಅಂಗಳಕ್ಕೆ ಅಂಗಳವೇ ಬೆಚ್ಚಿತು. ಹೆಂಡತಿ ಗಂಡನ ಹೆಸರು ಹೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅವಳು ಎರಡೂ ಕೈ ಮುಂದೆ ಚಾಚಿದಳು.

ಕೈಯಲ್ಲಿದ್ದವೆಲ್ಲ ಒಡೆದವು. ಹಲಗೆಯ ಮೇಲಿನ ಹಸಿರು ಬಳೆಯೊಂದು ಉಳಿಯಿತು. ವೀರಭದ್ರಮ್ಮ ಅದರ ಮೇಲೆ ಕಲ್ಲೆತ್ತಿದಳು. ಬಳೆ ಹಸಿ ಬಣ್ಣಕ್ಕೆ ಅಂಟಿ, ತಮ್ಮನ ಹೆಸರಿನ ಕೊನೆಯ ಸುತ್ತಿನಲ್ಲಿ ಕೂತಿತ್ತು. ಅವಳು ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟು, ಹಲಗೆಯನ್ನು ಬಳೆಯ ಸಮೇತ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.