ಒಡ್ಡು ದಾಟದ ಅಡ್ಮಿರಲ್

ವೆಂಡೆಲಿನ್‌ಗೆ ಅಡ್ಮಿರಲ್ ಪದವಿ ಸಿಕ್ಕಿ ಹತ್ತೊಂಬತ್ತು ವರ್ಷವಾಗಿತ್ತು. ಪ್ರತಿ ಜುಲೈಯಲ್ಲಿ ಹನ್ನೆರಡು ಸಂಸಾರಗಳು ಮಕ್ಕಳುಮರಿ, ನಾಯಿ, ಗಿಟಾರು ಸಮೇತ ಸಾಜಾವಾ ನದಿಗೆ ದೋಣಿ ಇಳಿಸುತ್ತಿದ್ದವು. ಈ ತಂಡಕ್ಕಿದ್ದದ್ದು ಒಂದೇ ಕಾನೂನು: ನದಿಗೆ ಅಡ್ಡ ಕಟ್ಟಿದ ಒಡ್ಡಿನ ಮೇಲಿಂದ ಧುಮುಕುವಾಗ ದೋಣಿ ಮಗುಚಿಕೊಂಡವನು ಅಡ್ಮಿರಲ್ ಆಗುವಂತಿಲ್ಲ. ವೆಂಡೆಲಿನ್‌ನ ದೋಣಿ ಒಮ್ಮೆಯೂ ಮಗುಚಿರಲಿಲ್ಲ. ಏಕೆಂಬುದು ಅವನ ಹೆಂಡತಿ ಮಿಲಾದಾಳಿಗೆ ಗೊತ್ತಿತ್ತು: ಅವನ ದೋಣಿ ಒಮ್ಮೆಯೂ ಒಡ್ಡಿನ ಮೇಲಿಂದ ಧುಮುಕಿರಲೇ ಇಲ್ಲ.

ಉಪಾಯ ಸುಲಭದ್ದು. ಒಡ್ಡು ಬಂದ ಕೂಡಲೇ ಅವನು ಬಿಳಿ ಟೋಪಿ ಸರಿಮಾಡಿಕೊಂಡು ದಡದ ಬಂಡೆಯ ಮೇಲೆ ನಿಲ್ಲುವನು. ಎಡಕ್ಕೆ, ಬಲಕ್ಕೆ ಎಂದು ಕೈ ಬೀಸುತ್ತ ಒಂದೊಂದೇ ದೋಣಿಯನ್ನು ಇಳಿಸುವನು. ನಾಯಕನಾದವನು ಕೊನೆಗೇ ಹೋಗಬೇಕಲ್ಲ. ಅಷ್ಟರಲ್ಲಿ ಉಳಿದವರು ತಿರುವಿನಾಚೆಯ ಬಿಯರಿನ ಅಂಗಡಿ ಸೇರಿರುತ್ತಿದ್ದರು. ಆಮೇಲೆ ಗಂಡಹೆಂಡತಿ ದೋಣಿ ಹೊತ್ತು, ತುರಿಕೆ ಗಿಡಗಳ ನಡುವೆ ದಡದ ಮೇಲೇ ನಡೆದು ಇಳಿಯುತ್ತಿದ್ದರು. ಅವನಿಗೆ ಸೊಂಟನೋವು, ಹಾಗಾಗಿ ಭಾರದ ತುದಿ ಮಿಲಾದಾಳ ಪಾಲಿಗೆ. ಮತ್ತೆ ದೋಣಿ ಹತ್ತುವ ಮುನ್ನ ಅವನು ಅವಳ ಮೈಮೇಲೆ ನಾಲ್ಕು ಬೊಗಸೆ ನೀರು ಎರಚುತ್ತಿದ್ದ. ಒಣ ಬಟ್ಟೆಯ ಹೆಂಡತಿಯನ್ನು ಕಂಡರೆ ಜನ ಅನುಮಾನಪಡುತ್ತಾರೆ ಎನ್ನುವಷ್ಟು ದೂರದೃಷ್ಟಿ ಅವನಿಗಿತ್ತು.

ಮಿಲಾದಾಳಿಗೆ ಪದವಿಯ ಆಸೆಯಿರಲಿಲ್ಲ. ಒಂದೇ ಒಂದು ಸಲ ಆ ಬಿಳಿನೊರೆಯ ಮೇಲಿಂದ ಜಾರಿ ಹೋಗಬೇಕು, ಅಷ್ಟೆ. ಎಂಟು ವರ್ಷದ ಮಕ್ಕಳೂ ಕೇಕೆ ಹಾಕುತ್ತ ಹೋಗುತ್ತಿದ್ದರು. ಅವಳಿಗೆ ಈಗ ಐವತ್ತೆರಡು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, ಮುಂದಿನ ವರ್ಷ.

ಈ ಸಲ ಯಾರೋ ಪುಣ್ಯಾತ್ಮ ಹಳೆ ಗಿರಣಿಯ ಒಡ್ಡಿನ ದಡದಲ್ಲೇ ಬಿಯರಿನ ಗೂಡಂಗಡಿ ತೆರೆದಿದ್ದ. ಇಳಿದವರೆಲ್ಲ ಕರಿದ ಚೀಸು ಹಿಡಿದು ಅಲ್ಲೇ ಹುಲ್ಲಿನ ಮೇಲೆ ಕುಳಿತರು. ಹನ್ನೊಂದನೆಯ ದೋಣಿಯೂ ಇಳಿಯಿತು. ಯಾರೂ ಕದಲಲಿಲ್ಲ. ವೆಂಡೆಲಿನ್ ನೀರಿನ ಆಳ ನೋಡಿದ, ಸಾಮಾನಿನ ಪೀಪಾಯಿಯ ಹಗ್ಗವನ್ನು ಮೂರು ಸಲ ಬಿಚ್ಚಿ ಕಟ್ಟಿದ. ತಡವಾಗುತ್ತದೆ, ನೀವು ಮುಂದೆ ಹೋಗಿರಿ ಎಂದು ಕೂಗಿದ. ಅವಸರವೇನಿಲ್ಲ, ಬಿಯರು ತಣ್ಣಗಿದೆ ಎಂದು ಅವರು ಮಗ್ಗು ಎತ್ತಿ ತೋರಿಸಿದರು.

"ಸೊಂಟ ಹಿಡ್ಕೊಂಡಿದೆ ಕಣೇ," ಎಂದು ಅವನು ಪಿಸುಗುಟ್ಟಿದ.

"ಕೂತ್ಕೊಂಡೇ ತಾನೇ ಹೋಗೋದು? ಬಾ," ಎಂದಳು ಮಿಲಾದಾ. ಅವಳು ಆಗಲೇ ದೋಣಿಯ ಮುಂದಿನ ಹಲಗೆಯ ಮೇಲೆ ಕುಳಿತಾಗಿತ್ತು.

ದೋಣಿಯ ದಿಕ್ಕು ಹಿಂದೆ ಕುಳಿತವನ ಹುಟ್ಟಿನಲ್ಲಿರುತ್ತದೆ. ಒಡ್ಡಿನ ಅಂಚಿಗೆ ಬಂದದ್ದೇ ಅಡ್ಮಿರಲ್ ಹುಟ್ಟನ್ನು ಕೈಬಿಟ್ಟು ಎರಡೂ ಬದಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ದೋಣಿ ಅಡ್ಡ ತಿರುಗಿ ಜಾರಿತು, ಕೆಳಗೆ ಬಂದು ಮಗುಚಿತು. ಮಿಲಾದಾ ಒಂದು ಗುಟುಕು ನದಿ ಕುಡಿದು, ಸೊಂಟಮಟ್ಟದ ನೀರಿನಲ್ಲಿ ಎದ್ದು ನಿಂತು ನಕ್ಕಳು. ಎಷ್ಟೋ ವರ್ಷಗಳಿಂದ ಅವಳಿಗೆ ಇಷ್ಟು ಖುಷಿಯಾಗಿರಲಿಲ್ಲ.

ವೆಂಡೆಲಿನ್ ಮಾತ್ರ ಟೋಪಿ ಕಳೆದುಕೊಂಡು, ಹುಳ್ಳಗಿನ ಮುಖ ಹೊತ್ತು ದಡ ಹತ್ತಿದ. ತಂಡದಲ್ಲಿದ್ದ ಹಲ್ಲಿನ ಡಾಕ್ಟರು ರಾದಿಮ್ ರಮ್ಮಿನ ಸೀಸೆ ಹಿಡಿದು ಓಡಿಬಂದು ಅವನನ್ನು ತಬ್ಬಿಕೊಂಡ.

"ಬೇಜಾರ್ ಮಾಡ್ಕೋಬೇಡ ಮಾರಾಯ. ನೀನು ದಡದ ಮೇಲೆ ಹೊತ್ಕೊಂಡ್ ಬರೋದು ನಮಗೆಲ್ಲ ಯಾವತ್ತಿಂದಲೋ ಗೊತ್ತು. ನಿನ್ನ ಮರ್ಯಾದೆ ಉಳೀಲಿ ಅಂತಲೇ ನಾವು ಬೇಗ ಜಾಗ ಖಾಲಿ ಮಾಡ್ತಿದ್ದಿದ್ದು. ಇವತ್ತು ಬಿಯರು ಇಲ್ಲೇ ಸಿಕ್ಬಿಡ್ತು, ಏನ್ಮಾಡೋದು?"

ಇಂಥ ಸ್ನೇಹಿತರು ಯಾರಿಗುಂಟು ಎಂದು ವೆಂಡೆಲಿನ್ ಕಣ್ಣೊರೆಸಿಕೊಂಡ. ಅಲ್ಲೇ ಕೂತಲ್ಲೇ ಕಾನೂನು ತಿದ್ದುಪಡಿಯಾಯಿತು: ಸೊಂಟನೋವಿನಿಂದ ಮಗುಚಿದರೆ ಲೆಕ್ಕಕ್ಕಿಲ್ಲ. ಎಲ್ಲರೂ ಕೈ ಎತ್ತಿ ಅವನನ್ನೇ ಮತ್ತೆ ಅಡ್ಮಿರಲ್ ಮಾಡಿದರು.

ಮಿಲಾದಾಳ ನಗು ನಿಂತಿತ್ತು. ಬಟ್ಟೆ ಹಿಂಡುತ್ತ ಅವರ ಮಧ್ಯೆ ಬಂದು ನಿಂತಳು. "ಎಲ್ರಿಗೂ ಗೊತ್ತಿತ್ತಾ?"

ಗೊತ್ತಿತ್ತು ಎಂದು ಹೆಮ್ಮೆಯಿಂದಲೇ ತಲೆಯಾಡಿಸಿದರು.

"ಮತ್ತೆ ಹತ್ತೊಂಬತ್ತು ವರ್ಷದಲ್ಲಿ ದೋಣಿಗೊಂದು ಕೈ ಹಾಕೋಕೆ ಒಬ್ರೂ ಬರ್ಲಿಲ್ವಲ್ಲ?"

ಮಗ್ಗುಗಳೊಳಗೆ ನೋಡಲು ಎಲ್ಲರಿಗೂ ಏನೋ ಸಿಕ್ಕಿತು. ಕೊನೆಗೆ ರಾದಿಮ್ ಬಾಯಿಬಿಟ್ಟ. "ನೀನು ಕೇಳ್ಲೇ ಇಲ್ವಲ್ಲ, ಮಿಲಾದಾ."

ಅವಳು ಅವರತ್ತ ಮತ್ತೆ ನೋಡಲಿಲ್ಲ. ದೋಣಿಯ ನೀರು ಸುರಿದು, ತೇಲಿ ಬಂದ ಹುಟ್ಟನ್ನು ಹಿಡಿದು, ಹಿಂದಿನ ಹಲಗೆಯ ಮೇಲೆ ಹೋಗಿ ಕುಳಿತಳು. ವೆಂಡೆಲಿನ್ ಮೆಲ್ಲಗೆ ಹತ್ತಿರ ಬಂದು, ಅದು ಅಡ್ಮಿರಲ್ ಜಾಗ, ಎಲ್ಲರೂ ನೋಡುತ್ತಿದ್ದಾರೆ ಎಂದು ನೆನಪಿಸಿದ.

"ಹಾಗಾದ್ರೆ ದಡದ ಮೇಲೆ ನಡ್ಕೊಂಡ್ ಬಾ," ಎಂದು ಮಿಲಾದಾ ದೋಣಿಯನ್ನು ನೀರಿಗೆ ತಳ್ಳಿದಳು.