ಹಡಗಿಗೆ ಹೊಸ್ತಿಲು

ಮಧ್ಯಾಹ್ನದ ಹೊತ್ತಿಗೆ ಕೆರೆಯ ನೀರು ಹಡಗಿನ ಕೆಳಗಿನ ಕಾಂಕ್ರೀಟ್ ಕಟ್ಟೆಯನ್ನು ಮುಟ್ಟಿತು. ಕೃಷ್ಣಕುಮಾರ್ ಬೆಳಗಿನಿಂದ ಏರಿಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದ. ಮಳೆ ನಿಂತಿತ್ತು. ಆದರೆ ಬೆಟ್ಟಗಳ ಕಡೆಯಿಂದ ಬರುವ ಹಳ್ಳ ಇನ್ನೂ ಕೆಂಪಗೆ ಹರಿಯುತ್ತಿತ್ತು. ಜಟಿಂಗ ರಾಮೇಶ್ವರ ಬೆಟ್ಟದ ಕಡೆ ಮತ್ತೆ ಮೋಡ ಕಟ್ಟಿದೆ ಎಂದು ಪರಿಚಯದವರು ಆಗಲೇ ಫೋನ್ ಮಾಡಿ ಹೇಳಿದ್ದರು.

ಮೊಳಕಾಲ್ಮೂರಿನ ಈ ಕೆರೆಯಲ್ಲಿ ನಡುವಿನ ಹೊಂಡ ಬಿಟ್ಟರೆ ಬೇರೆಡೆ ನೀರು ನಿಂತಿದ್ದನ್ನು ಈಗಿನ ಹುಡುಗರು ಕಂಡಿರಲಿಲ್ಲ. ಆ ಧೈರ್ಯದ ಮೇಲೆಯೇ ಹಡಗು ಇಲ್ಲಿಗೆ ಬಂದಿತ್ತು. ಅದು ನೌಕಾಪಡೆಯಿಂದ ನಿವೃತ್ತವಾದ ಚಿಕ್ಕ ಗಸ್ತು ನೌಕೆ. ಕರಾವಳಿಯಲ್ಲಿ ಅದನ್ನು ಮೂರು ತುಂಡು ಮಾಡಿ, ಟ್ರೇಲರ್‌ಗಳಲ್ಲಿ ತಂದು, ಇಲ್ಲಿ ಮತ್ತೆ ಒಂದಾಗಿ ಬೆಸೆದಿದ್ದರು. ಹಡಗನ್ನು ಮ್ಯೂಸಿಯಂ ಮಾಡಲೆಂದು ಇದನ್ನೆಲ್ಲ ಮಾಡಿಸಿದ್ದು ಸ್ಮಾರಕ ಟ್ರಸ್ಟ್‌ನ ಅಧ್ಯಕ್ಷ ಕೊಟ್ಟೂರಪ್ಪ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವವರು. ಪಕ್ಕದ ವರವು ಕಾವಲಿನಲ್ಲಿ ರಕ್ಷಣಾ ಇಲಾಖೆಯ ವಿಮಾನ ಹಾರುತ್ತದೆ, ನಮ್ಮ ಸೀಮೆಗೆ ಒಂದು ಹಡಗು ಯಾಕೆ ಬರಬಾರದು ಎಂದು ಅವರು ಸಭೆಗಳಲ್ಲಿ ಕೇಳುತ್ತಿದ್ದರು. ಚಳ್ಳಕೆರೆಯಲ್ಲಿ ಸರಿಯಾದ ಜಾಗ ಸಿಗಲಿಲ್ಲ. ಇಲ್ಲಿ ಕೆರೆಯಂಚು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿತ್ತು.

ಕೃಷ್ಣಕುಮಾರ್ ಇದೇ ಊರಿನ ನೇಕಾರರ ಮನೆಯವನು. ಈ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ. ಮ್ಯೂಸಿಯಂ ನೋಡಿಕೊಳ್ಳಲು ಟ್ರಸ್ಟ್ ಅವನನ್ನೇ ನೇಮಿಸಿತು. ಎರಡು ವರ್ಷ ಅವನು ಮನೆಗಿಂತ ಹೆಚ್ಚಾಗಿ ಹಡಗಿನಲ್ಲೇ ಇದ್ದ. ತುಕ್ಕು ಕೆರೆದ, ಬಣ್ಣ ಹೊಡೆದ, ಜನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಒಳಗಿನ ಅಡ್ಡಗೋಡೆಗಳಲ್ಲಿ ದಾರಿ ಮಾಡಿಸಿದ. ಕೆಳಗಿನ ಅಂತಸ್ತಿನ ಉದ್ದಕ್ಕೂ ಚಿತ್ರ ಮತ್ತು ವಿವರಣೆಯ ಫಲಕಗಳನ್ನು ಗೋಡೆಗೆ ಅಂಟಿಸಿದ್ದು ಅವನೇ. ಉದ್ಘಾಟನೆಗೆ ದಿನವೂ ಗೊತ್ತಾಗಿತ್ತು.

ಒಂದು ಕೆಲಸ ಮಾತ್ರ ಅವನಿಗೆ ಒಪ್ಪಿಗೆ ಇರಲಿಲ್ಲ.

ಬೇಸಿಗೆಯಲ್ಲಿ ಕೊಟ್ಟೂರಪ್ಪನವರ ಹೆಂಡತಿ ವೀರಮ್ಮ ಹಡಗು ನೋಡಲು ಬಂದಿದ್ದರು. ಸುತ್ತಲೂ ಒಂದು ಸಲ ನಡೆದು, "ಬಾಗಿಲೆಲ್ಲೈತಪ್ಪಾ ಇದಕ್ಕೆ?" ಎಂದು ಕೇಳಿದರು.

"ಏಣಿ ಹತ್ತಿ ಮೇಲೆ ಹೋಗಿ, ಅಲ್ಲಿಂದ ಒಳಗೆ ಇಳೀಬೇಕಮ್ಮಾ."

"ಹೆಂಚು ತೆಗೆದು ಕಳ್ಳ ಇಳೀತಾನಲ್ಲ, ಹಂಗಾ? ಹೊಸ್ತಿಲೇ ಇಲ್ಲಂದ್ರೆ ಪೂಜೆ ಎಲ್ಲಿಗೆ ಮಾಡ್ತೀರಿ? ತೋರಣ ಎಲ್ಲಿ ಕಟ್ತೀರಿ?"

ಜೊತೆಗಿದ್ದವರಲ್ಲಿ ಯಾರೂ ನಗಲಿಲ್ಲ. ಎಲ್ಲರಿಗೂ ಅದು ಸರಿಯಾದ ಪ್ರಶ್ನೆಯಾಗಿಯೇ ಕಂಡಿತು. ಹೊಸ್ತಿಲಿಲ್ಲದ ಜಾಗಕ್ಕೆ ಜನರನ್ನು ಕರೆದು ಪ್ರವೇಶ ಮಾಡಿಸುವುದು ಹೇಗೆ? ಹಡಗಿನ ಹೊಟ್ಟೆಗೆ ತೂತು ಕೊರೆಯಬಾರದು ಎಂದು ಕೃಷ್ಣಕುಮಾರ್ ಹೇಳಿ ನೋಡಿದ.

"ಯಾಕೆ, ಮತ್ತೆ ಸಮುದ್ರಕ್ಕೆ ಹೋಗ್ತೈತಾ ಇದು?" ಎಂದರು ಕೊಟ್ಟೂರಪ್ಪ.

ಮುಂದಿನ ವಾರ ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಯ ಅಶ್ವಥ್ ಬಂದು ಹಡಗಿನ ಪಕ್ಕೆಯಲ್ಲಿ ಆಳೆತ್ತರದ ಬಾಗಿಲು ಕೊರೆದ. ಕೆಳಗೆ ತೇಗದ ಹೊಸ್ತಿಲು ಕೂರಿಸಿದರು. ಅರಿಸಿನ ಕುಂಕುಮ ಹಚ್ಚಿ ವೀರಮ್ಮನವರೇ ಮೊದಲು ಬಲಗಾಲಿಟ್ಟು ಒಳಗೆ ಹೋದರು.

ಈಗ ನೀರು ಆ ಹೊಸ್ತಿಲಿನ ಕಡೆಗೆ ಏರುತ್ತಿತ್ತು.

ಸ್ವಲ್ಪ ಹೊತ್ತಿಗೆ ಕೊಟ್ಟೂರಪ್ಪನವರ ಜೀಪು ಬಂತು. ಹಿಂದೆ ಟೆಂಪೊದಲ್ಲಿ ಅಶ್ವಥ್ ಇದ್ದ. ದಪ್ಪ ಕಬ್ಬಿಣದ ಹಾಳೆ, ಜನರೇಟರ್, ವೆಲ್ಡಿಂಗ್ ಯಂತ್ರ, ಗದ್ದೆಗೆ ನೀರು ಹಾಯಿಸುವ ಡೀಸೆಲ್ ಪಂಪು ಎಲ್ಲ ತಂದಿದ್ದ.

"ನೇವಿಯೋರೇ, ಹೆದರಬ್ಯಾಡ್ರಿ. ಬಾಗಿಲಿಗೆ ಹಾಳೆ ಹೊಡೆದು ಮುಚ್ಚಿಬಿಡಾನ. ಅಲ್ಪಸ್ವಲ್ಪ ಸೋರಿದ್ರೆ ಎತ್ತಿ ಹೊರಗೆ ಹಾಕಾಕೆ ಪಂಪ್ ಐತೆ," ಎಂದರು ಕೊಟ್ಟೂರಪ್ಪ.

ಕೃಷ್ಣಕುಮಾರನಿಗೆ ಅರ್ಧ ಜೀವ ಬಂದಂತಾಯಿತು. ನೌಕಾಪಡೆಯಲ್ಲಿ ಅವನು ಮೊದಲು ಕಲಿತ ಪಾಠವೇ ಅದು: ಹಡಗಿನಲ್ಲಿ ತೂತು ಕಂಡರೆ ಮೊದಲು ಅದನ್ನು ಮುಚ್ಚಬೇಕು, ಮಿಕ್ಕ ಮಾತೆಲ್ಲ ಆಮೇಲೆ. ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಹಾಳೆಗೆ ಹೆಗಲು ಕೊಟ್ಟ. ಅಶ್ವಥ್ ಕಟ್ಟೆಯ ಮೇಲೆ ಹಲಗೆ ಹಾಕಿಕೊಂಡು, ಮೈ ಒದ್ದೆಯಾಗದಂತೆ ನೋಡಿಕೊಳ್ಳುತ್ತ, ಸುತ್ತಲೂ ಬೆಸುಗೆ ಹಾಕಿದ. ಕೊನೆಯ ಕಿಡಿ ಆರಿದಾಗ ನೀರು ಹೊಸ್ತಿಲಿಗೆ ಇನ್ನೂ ಒಂದು ಗೇಣು ಕೆಳಗಿತ್ತು. ಎಲ್ಲರೂ ಪಂಪನ್ನು ಹಗ್ಗ ಕಟ್ಟಿ ಹಡಗಿನ ಮೇಲಿನ ಅಟ್ಟಕ್ಕೆ ಎಳೆದುಕೊಂಡರು.

ಸಂಜೆಯ ಹೊತ್ತಿಗೆ ನೀರು ಹೊಸ್ತಿಲನ್ನು ದಾಟಿ ಹಾಳೆಯ ಮೇಲೆ ಏರತೊಡಗಿತು. ಕೊಟ್ಟೂರಪ್ಪ ಒಳಗೆ ಇಣುಕಿ ನೋಡಿ, "ಒಂದು ಹನಿ ಬಂದಿಲ್ಲ ನೋಡ್ರಿ. ಲೇ ಅಶ್ವಥ್, ನಮ್ಮ ಮಿಲ್ಲಿನ ಟ್ಯಾಂಕ್ ಸೋರೋವಾಗ ಈ ಕೈ ಎಲ್ಲಿಟ್ಟಿದ್ದೆಯಲೇ?" ಎಂದು ನಕ್ಕರು.

ಅಷ್ಟರಲ್ಲಿ ಏರಿಯ ಮೇಲಿಂದ ಕೃಷ್ಣಕುಮಾರನ ಅಕ್ಕ ಓಬಳಮ್ಮ ಕೂಗಿದಳು. ಅವಳ ಮನೆ ಏರಿಯ ಕೆಳಗಿನ ನೇಕಾರರ ಬೀದಿಯಲ್ಲಿತ್ತು. ಆ ಬೀದಿಯವರ ಮಾತಿನಲ್ಲಿ ತೆಲುಗೂ ಬೆರೆತಿರುತ್ತಿತ್ತು.

"ಏಮ್ರಾ ತಮ್ಮುಡು! ಮಗ್ಗದ ಗುಂಡಿಯಾಗೆ ನೀರು ಜಿನುಗ್ತಾ ಐತಲ್ಲೋ!"

"ಎಷ್ಟಕ್ಕಾ?"

"ಕಾಲಿಟ್ರೆ ಪಾದ ಮುಳುಗ್ತೈತೆ. ಪಕ್ಕದ ಮನೆ ಪಾತಮ್ಮನ ಮಗ್ಗದಾಗೂ ಅಷ್ಟೇ."

ಕೃಷ್ಣಕುಮಾರ್ ಹಗ್ಗದೇಣಿ ಇಳಿದು ಏರಿಗೆ ಹೋದ. ಬೀದಿಯ ಮಗ್ಗಗಳೆಲ್ಲ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥವು. ಅಲ್ಲಿ ನೀರು ಜಿನುಗುತ್ತಿದೆಯೆಂದರೆ ಏರಿಯ ಮಣ್ಣು ನೆನೆದಿದೆ ಎಂದು ಅರ್ಥ.

"ಎಲ್ಲರೂ ಬಿ.ಜಿ. ಕೆರೆ ಊರಿಗೆ ಹೋಗ್ರಕ್ಕಾ. ಸೂರಪ್ಪ ಮಾವನ ಮನೆಯಾಗೆ ಜಾಗ ಐತೆ."

"ಮಗ್ಗದ ಮೇಲೆ ಸೀರೆ ಅರ್ಧ ಆಗೈತಲ್ಲೋ. ಹಾಸಿನ ನೂಲು ಕತ್ತರಿಸಿ ಹೋಗು ಅಂತೀಯಾ? ನಮ್ಮಮ್ಮ ಹೆರಿಗೆ ನೋವು ಬಂದ್ರೂ ಹಾಸು ಬಿಟ್ಟು ಎದ್ದೋಳಲ್ಲ. ಬೀದಿಯಾಗೆ ಯಾರು ಹೋಗ್ತಾರೆ ಕೇಳು ನೋಡಾನ."

ಯಾರೂ ಹೋಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆ ಬೀದಿಯಲ್ಲಿ ನೇಯ್ಗೆ ಮುಗಿಯದ ಹಾಸನ್ನು ಬಿಟ್ಟು ಮನೆಗೆ ಬೀಗ ಹಾಕಿದವರಿಲ್ಲ.

ಅವನು ಇನ್ನೊಂದು ಮಾತು ಆಡುವಷ್ಟರಲ್ಲಿ ಹಡಗಿನಿಂದ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ. ಕಬ್ಬಿಣ ಕಾಂಕ್ರೀಟಿನ ಮೇಲೆ ಉಜ್ಜಿದಂತೆ, ಒಮ್ಮೆ ಉದ್ದಕ್ಕೆ ಎಳೆದು ನಿಂತಿತು. ಹಡಗಿನ ಮೇಲಿದ್ದ ಕೊಟ್ಟೂರಪ್ಪ ಕಂಬಿ ಹಿಡಿದುಕೊಂಡು, "ಏನ್ರಿ ಅದು?" ಎಂದರು.

ಕೃಷ್ಣಕುಮಾರನಿಗೆ ಆ ಸದ್ದು ಏನೆಂದು ಗೊತ್ತಿತ್ತು. ಬಂದರಿನಲ್ಲಿ ಹಡಗು ದುರಸ್ತಿ ಮಾಡುವ ಒಣ ಕಟ್ಟೆಗೆ ನೀರು ಬಿಟ್ಟಾಗ ಹಡಗು ಆಸರೆಯಿಂದ ಏಳುವ ಮೊದಲು ಹೀಗೆಯೇ ಸದ್ದು ಮಾಡುತ್ತದೆ.

ತೂತು ಮುಚ್ಚುವ ಆತುರದಲ್ಲಿ ಅವನು ಉಳಿದದ್ದನ್ನು ಮರೆತಿದ್ದ. ಹಡಗಿನ ಎಂಜಿನ್‌ಗಳನ್ನು ಕರಾವಳಿಯಲ್ಲೇ ಇಳಿಸಿಕೊಂಡಿದ್ದರು. ಡೀಸೆಲ್ ಟ್ಯಾಂಕ್‌ಗಳು ಖಾಲಿ. ಮೇಲಿನ ಫಿರಂಗಿ ಬರೀ ಕೊಳವೆ. ಸಮುದ್ರದ ನೀರು ಒಳಬಿಡುವ ತಳದ ವಾಲ್ವ್‌ಗಳನ್ನೆಲ್ಲ ಹಾಳೆ ಹೊಡೆದು ಮುಚ್ಚಿದ್ದರು. ಬಾಗಿಲು ತೆರೆದಿದ್ದರೆ ನೀರು ಒಳಗೆ ಬಂದು ಹಡಗು ಕೂತಲ್ಲೇ ಕೂತಿರುತ್ತಿತ್ತು. ಈಗ ಅದು ಮುಚ್ಚಿದ ಖಾಲಿ ಡಬ್ಬಿ. ಸಮುದ್ರದಲ್ಲಿ ಮುಳುಗುತ್ತಿದ್ದ ಗೆರೆಯವರೆಗೆ ನೀರು ಬರಬೇಕಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ನೀರಿನಲ್ಲೇ ತೇಲುತ್ತದೆ. ಹಿಂಭಾಗ ಆಗಲೇ ಹಗುರಾಗಿದೆ. ಗಾಳಿ ಹಳ್ಳದ ಕಡೆಯಿಂದ ಏರಿಯ ಕಡೆಗೆ ಬೀಸುತ್ತಿತ್ತು.

ನೆನೆದ ಏರಿ. ಅದರ ಕೆಳಗೆ ಬೀದಿ.

ಅವನು ನೀರಿಗಿಳಿದು ಓಡಿದ. ಏಣಿ ಹತ್ತುತ್ತಲೇ ಕೂಗಿದ: "ಅಶ್ವಥ್, ಹಾಳೆ ಕತ್ತರಿಸಬೇಕು!"

"ಸಾರ್, ಗ್ಯಾಸ್ ಕಟ್ಟರ್ ಅಂಗಡಿಯಾಗೈತೆ. ಕೆಳಭಾಗ ನೀರಿನಾಗೈತೆ, ಕರೆಂಟ್ ಕೊಟ್ರೆ ನಾನೇ ಹೋಗ್ತೀನಿ."

"ಯಾಕ್ರಿ ಕತ್ತರಿಸ್ತೀರಿ?" ಕೊಟ್ಟೂರಪ್ಪ ಮುಂದೆ ಬಂದರು. "ಈಗ ತಾನೆ ಮುಚ್ಚಿದ್ದೀವಿ."

"ಇದು ತೇಲ್ತೈತೆ ಸಾವ್ಕಾರ್ರೇ. ತೇಲಿದ್ರೆ ಗಾಳಿಗೆ ಹೋಗಿ ಏರಿಗೆ ಗುದ್ದತೈತೆ."

"ಹಗ್ಗ ಹಾಕಿ ಕಟ್ಟಾನ."

"ಯಾತಕ್ಕೆ ಕಟ್ತೀರಿ? ಜಾಲಿ ಗಿಡಕ್ಕಾ? ಇದನ್ನ ಹಿಡಿಯೋ ಹಗ್ಗ ಈ ತಾಲೂಕಿನಾಗೇ ಇಲ್ಲ."

ಹಡಗು ಮತ್ತೊಮ್ಮೆ ಉಜ್ಜಿತು. ಈ ಸಲ ಅಟ್ಟ ಪಾದದ ಕೆಳಗೆ ಸರಿದದ್ದು ಮೂವರಿಗೂ ತಿಳಿಯಿತು.

ಕೃಷ್ಣಕುಮಾರ್ ಪಂಪಿನ ಕಡೆ ನೋಡಿದ. ಅದರ ಹೀರುವ ಪೈಪು ಹಡಗಿನ ಒಳಗೂ, ಉಗುಳುವ ಪೈಪು ಕೆರೆಯ ಕಡೆಗೂ ಇತ್ತು.

"ಪೈಪು ತಿರುಗಿಸು," ಎಂದ.

ಅಶ್ವಥ್‌ಗೆ ಅರ್ಥವಾಗಲಿಲ್ಲ.

"ಹೀರೋದನ್ನ ಕೆರೆಗೆ ಹಾಕು. ಉಗುಳೋದನ್ನ ಒಳಗೆ ಬಿಡು. ತುಂಬಿಸಿ ಕೂರಿಸಬೇಕು ಇದನ್ನ."

ಕೊಟ್ಟೂರಪ್ಪ ಒಳಗಿಳಿಯುವ ಬಾಯಿಯ ಮುಂದೆ ಅಡ್ಡ ನಿಂತರು. "ಎರಡು ವರ್ಷದ ಕೆಲಸ ಒಳಗೈತೆ. ನಂದಲ್ಲ, ನಿಂದು. ಫೋಟೊ, ಫಲಕ, ಮರದ ನೆಲ. ನಿನ್ನ ಕೈಯಾರೆ ಮುಳುಗಿಸ್ತೀಯಾ?"

"ಮುಳುಗಿಸ್ತೀನಿ."

"ಏರಿಗೆ ಗುದ್ದೇ ಗುದ್ದತೈತೆ ಅಂತ ಬರೆದು ಕೊಡ್ತೀಯಾ?"

"ಇಲ್ಲ. ಗುದ್ದಲ್ಲ ಅಂತ ನೀವು ಹೇಳ್ತೀರಾ? ಕೆಳಗಿನ ಬೀದಿಗೆ ಹೋಗಿ, ಮಗ್ಗದಾಗೆ ಕೂತೋರ ಎದುರಿಗೆ ಹೇಳ್ತೀರಾ?"

ಕೊಟ್ಟೂರಪ್ಪ ಏರಿಯ ಕಡೆ ನೋಡಿದರು. ಓಬಳಮ್ಮನ ಜೊತೆ ಈಗ ಇನ್ನೂ ಹೆಂಗಸರು ಬಂದು ನಿಂತಿದ್ದರು. ಕೊಟ್ಟೂರಪ್ಪ ಪಕ್ಕಕ್ಕೆ ಸರಿದರು.

ಪೈಪು ತಿರುಗಿಸಿದ್ದಾಯಿತು. ಅಶ್ವಥ್ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದ. ಹತ್ತಿಕೊಂಡಿತು, ಆದರೆ ನೀರು ಬರಲಿಲ್ಲ. ಉಗುಳುವ ಪೈಪಿನಿಂದ ಕೆಸರು ಬೆರೆತ ಗಾಳಿ ಬುಸುಗುಟ್ಟಿತು. ಕೆಳಗೆ ಪೈಪಿನ ತುದಿ ಕೆರೆಯ ಹೂಳಿನಲ್ಲಿ ಹೂತುಹೋಗಿತ್ತು.

"ತಳ ಮುಟ್ಟದಂಗೆ ಯಾರಾದ್ರೂ ಹಿಡೀಬೇಕು ಸಾರ್!"

ಕೃಷ್ಣಕುಮಾರ್ ಏಣಿಯ ಕಡೆ ತಿರುಗುವಷ್ಟರಲ್ಲಿ ಕೊಟ್ಟೂರಪ್ಪ ಇಳಿಯುತ್ತಿದ್ದರು. ಬಿಳಿ ಪಂಚೆ ನೀರಿನ ಮೇಲೆ ಉಬ್ಬಿ ಹರಡಿತು. ಎದೆಮಟ್ಟದ ನೀರಿನಲ್ಲಿ ನಿಂತು ಪೈಪಿನ ತುದಿಯನ್ನು ತೊಡೆಯ ಮೇಲೆ ಎತ್ತಿ ಹಿಡಿದು, "ಈಗ ಹೊಡೀಲೇ!" ಎಂದು ಕೂಗಿದರು.

ಪೈಪು ನಡುಗಿತು, ಬಿಗಿಯಿತು. ಹಡಗಿನ ಒಳಗೆ ನೀರು ಬೀಳುವ ಸದ್ದು ಕೇಳಿಸಿತು.

ಒಳಗೆ ದೀಪಗಳು ಉರಿಯುತ್ತಿದ್ದವು. ಕೃಷ್ಣಕುಮಾರ್ ಕೆಳಗಿಳಿದು ಬ್ಯಾಟರಿಯ ತಂತಿ ಕಿತ್ತ. ಕತ್ತಲಾಗುವ ಮುನ್ನ ಒಂದು ಕ್ಷಣ ಇಡೀ ಉದ್ದ ಕಂಡಿತು: ಕಂದು ನೀರು ಮರದ ನೆಲದ ಸಂದುಗಳಿಂದ ಮೇಲೆ ಬಂದು, ಅವನೇ ಮಾಡಿಸಿದ ದಾರಿಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಅಂಟಿಸಿದ ಫಲಕಗಳನ್ನು ಕೀಳಲು ಈಗ ಹೊತ್ತಿಲ್ಲ. ಒಂದರ ಮೂಲೆಗೆ ಉಗುರು ಹಾಕಿ ನೋಡಿದ, ಬರಲಿಲ್ಲ. ಗಟ್ಟಿಯಾಗಿ ಅಂಟಿಸಿದ್ದ. ಮೊಳೆಗೆ ನೇತುಹಾಕಿದ್ದ ಸಂಕೇತ ಬಾವುಟಗಳ ಕಟ್ಟೊಂದನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ಬಂದ.

ಹಡಗಿನ ಹಿಂಭಾಗ ಕಟ್ಟೆಯಿಂದ ಒಂದು ಅಂಗೈ ಅಗಲ ಪಕ್ಕಕ್ಕೆ ಸರಿದಿತ್ತು. ಅವನು ಅಲ್ಲೇ ಮಂಡಿಯೂರಿ ಅಂಚಿನಿಂದ ಬಗ್ಗಿ ನೋಡುತ್ತ ಕೂತ. ಆ ಸಂದು ಹೆಚ್ಚುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗಾಳಿ ಬಂದಾಗ ಹೆಚ್ಚಿದಂತೆ ಕಾಣುತ್ತಿತ್ತು. ಪಂಪು ಗುಡುಗುಡು ಎನ್ನುತ್ತಲೇ ಇತ್ತು. ಕೆಳಗೆ ಕೊಟ್ಟೂರಪ್ಪನವರ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ಮೇಲೆ ಬನ್ನಿ, ನಾನು ಹಿಡಿಯುತ್ತೇನೆ ಎಂದು ಅಶ್ವಥ್ ಎರಡು ಸಲ ಕರೆದ. ಅವರು ತಲೆ ಅಲ್ಲಾಡಿಸಿದರು.

ಹೊತ್ತು ಮುಳುಗುವ ವೇಳೆಗೆ ಹಡಗು ಕೂತಿತು. ಭಾರವಾದ ಮೂಟೆಯನ್ನು ನೆಲಕ್ಕೆ ಇಳಿಸಿದಂತೆ ಒಂದೇ ಸದ್ದು. ಏರಿಯ ಮೇಲಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಹಡಗು ಸ್ವಲ್ಪ ವಾಲಿಕೊಂಡೇ ಕೂತಿತ್ತು. ಕೃಷ್ಣಕುಮಾರ್ ಕಬ್ಬಿಣಕ್ಕೆ ಎರಡೂ ಅಂಗೈ ಒತ್ತಿ ಹಿಡಿದ. ಗಾಳಿ ಬಂತು, ಹೋಯಿತು. ಅಲುಗಲಿಲ್ಲ.

"ಇಂಕ ಚಾಲದಾರಾ?" ಸಾಕಾಗಲಿಲ್ಲವೇನೋ ಎಂದು ಓಬಳಮ್ಮ ಮೇಲಿಂದ ಕೇಳಿದಳು. "ಸಾವ್ಕಾರ್ರು ನೀರಿನಾಗೆ ನಡುಗ್ತಾ ಅವ್ರೆ ನೋಡೋ."

ಅವನು ಬೆಟ್ಟದ ಕಡೆ ತಿರುಗಿದ. ಅಲ್ಲಿ ಮಿಂಚುತ್ತಿತ್ತು. ಹಳ್ಳದ ನೀರು ಇನ್ನೂ ಇಳಿದಿರಲಿಲ್ಲ. ಕೆರೆ ಏರಿದಷ್ಟೂ ಹಡಗೂ ಭಾರವಾಗಬೇಕಿತ್ತು.

"ಚಾಲದಕ್ಕಾ," ಎಂದ. ಆಮೇಲೆ ಕೆಳಗಿಳಿದು ಕೊಟ್ಟೂರಪ್ಪನವರ ಕೈಯಿಂದ ಪೈಪು ತೆಗೆದುಕೊಂಡ. "ಅಶ್ವಥ್, ಡೀಸೆಲ್ ಇನ್ನೊಂದು ಕ್ಯಾನ್ ತರಿಸು. ಮೇಲಿನವರೆಗೂ ತುಂಬಿಸಾನ."